ಸೋಮವಾರದ ಹಳದಿ ದೀಪ

ಪೆರುಂಗುಡಿಗೆ ಇನ್ನೆರಡು ಸಿಗ್ನಲ್ ಇರುವಾಗ ವ್ಯಾನು ಮತ್ತೆ ನಿಂತಿತು. ಸೋಮವಾರ ಬೆಳಗ್ಗೆ, ಆಫೀಸಿಗೆ ಹೋಗುವ ಹೊತ್ತು, ಮದರಾಸಿನ ಹಳೇ ಮಹಾಬಲಿಪುರಂ ರಸ್ತೆ. ಹಿಂದೆ ಸಾಲಾಗಿ ಕಂಪನಿ ಬಸ್ಸುಗಳು, ಸಂದಿಗೊಂದಿಯಲ್ಲೆಲ್ಲ ಬೈಕುಗಳು, ಎಲ್ಲರೂ ಹಾರ್ನ್ ಒತ್ತಿದ್ದೇ ಒತ್ತಿದ್ದು. ಅಲ್ಲಾ, ಹಾರ್ನ್ ಒತ್ತಿದರೆ ನಿಂತ ಎಂಜಿನ್ ಎದ್ದು ಓಡುತ್ತದೆಯೇ? ಕಿಟಕಿಯಿಂದ ತಲೆ ಹೊರಗೆ ಹಾಕಿ ತಮಿಳಿನಲ್ಲಿ ಬಾಯಿಗೆ ಬಂದಂತೆ ಬೈದೆ. ಬೈಯುವುದಕ್ಕೆ ನನಗೆ ಮೊದಲಿಂದಲೂ ತಮಿಳೇ ಸರಾಗ.

“ಅಣ್ಣ, ತಲೆ ಒಳಗೆ ತಗೋ. ಕೀ ತಿರುಗಿಸು,” ಅಂದಳು ಹಿಂದಿನಿಂದ ನನ್ನ ತಂಗಿ.

ಮೂರನೇ ಸಲಕ್ಕೆ ಎಂಜಿನ್ ಕೆಮ್ಮಿಕೊಂಡು ಎದ್ದಿತು. ಸ್ಟೇರಿಂಗ್ ಮುಂದೆ ಎಂಜಿನ್ ಚಿತ್ರದ ಆ ಹಳದಿ ದೀಪ ಕಣ್ಣು ಬಿಟ್ಟುಕೊಂಡು ಕೂತಿತ್ತು. ಎರಡು ತಿಂಗಳಿಂದ ಅದನ್ನು ನೋಡೀ ನೋಡೀ ನನಗೆ ಹಳದಿ ಬಣ್ಣ ಕಂಡರೇ ಮೈ ಉರಿಯುತ್ತಿತ್ತು. ಅವಳನ್ನು ಆಫೀಸಿಗೆ ಮುಟ್ಟಿಸುವಾಗ ಒಂಬತ್ತೂವರೆ ದಾಟಿ ಇಪ್ಪತ್ತು ನಿಮಿಷ ಆಗಿತ್ತು. ಹಲಗೆ ಇಳಿಸಿ, ಗಾಲಿಕುರ್ಚಿಗೆ ಬಿಗಿದ ಪಟ್ಟಿ ಬಿಚ್ಚಿ, ಅವಳನ್ನು ಮೆಲ್ಲಗೆ ಕೆಳಗಿಳಿಸಿದೆ. “ಅರ್ಧ ದಿನ ಹೋಯ್ತು,” ಅಂದಳು, ಅಷ್ಟೇ. ನನ್ನನ್ನು ಎರಡು ಮಾತು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ವಿಷಯ ಇಷ್ಟು. ನನ್ನ ತಂಗಿ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ ಮಾಡುತ್ತಾಳೆ. ಯಾರೋ ಬರೆದದ್ದನ್ನು ಒಡೆದು ನೋಡಿ, ಎಲ್ಲಿ ಒಡೆಯಿತು ಅಂತ ಹೇಳುವ ಕೆಲಸ. ವರ್ಷಗಟ್ಟಲೆ ಮನೆಯಿಂದಲೇ ಮಾಡಿದಳು. ಈಗ ಅವರ ಆಫೀಸಿನವರು ಸೋಮವಾರದಿಂದ ಗುರುವಾರದವರೆಗೆ ಎಲ್ಲರೂ ಬರಲೇಬೇಕು ಅಂತ ಹಟ ಹಿಡಿದರು. ಒಂಬತ್ತೂವರೆ ದಾಟಿದರೆ ಅರ್ಧ ದಿನ ಗೈರು. ಈ ತಿಂಗಳ ಹಾಜರಿ ಕಮ್ಮಿ ಬಿದ್ದವರ ಹೆಸರು ಕೆಲಸ ಬಿಡಿಸುವವರ ಪಟ್ಟಿಗೆ ಹೋಗುತ್ತದೆ ಅಂತ ಕಾಗದವೂ ಬಂತು. ನಾನು ಕೂಗಾಡಿದೆ, ಇಂಥವಳನ್ನು ದಿನಾ ಅಷ್ಟು ದೂರ ಬಾ ಅಂತಾರಲ್ಲ, ಮನುಷ್ಯರಾ ಇವರು ಅಂತ. ಅವಳು ಮಾತ್ರ ಹೊಸ ಚೂಡಿದಾರ್ ತರಿಸಿಕೊಂಡಳು. ಆಫೀಸಿಗೆ ಹೋಗಲು ಶುರುಮಾಡಿದ ಎರಡನೇ ವಾರ, ಸಂಜೆ ಕರೆತರಲು ಹೋದಾಗ, ಗೇಟಿನ ಹತ್ತಿರ ನಾಲ್ಕು ಹೆಂಗಸರ ಮಧ್ಯೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನು ವ್ಯಾನಿನಿಂದ ಇಳಿಯದೆ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾ ಕೂತೆ. ಅವಳು ಹಾಗೆ ನಕ್ಕಿದ್ದನ್ನು ಕಂಡು ಇಪ್ಪತ್ತು ವರ್ಷದ ಮೇಲಾಗಿತ್ತು.

ಬಾಡಿಗೆ ಕಾರು ಯಾಕಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಕೇಳುವವರು ಒಂದು ದಿನ ಬಂದು ನೋಡಲಿ. ಬೆನ್ನಿಗೆ ಆಸರೆ ಕೊಡಲು ಅವಳ ಅಳತೆಗೇ ಮಾಡಿಸಿದ ಕುರ್ಚಿ ಅದು, ಮಡಚಲಾಗುವುದಿಲ್ಲ. ಕಾರಿನವರು ಕುರ್ಚಿ ಕಂಡ ಕೂಡಲೇ ಫೋನಿನಲ್ಲಿ ಏನೋ ಒತ್ತಿ ಮಾಯವಾಗುತ್ತಾರೆ. ನಮ್ಮ ವ್ಯಾನಿಗೆ ಪಕ್ಕಕ್ಕೆ ಜಾರುವ ಬಾಗಿಲು, ಕೆಳಮಟ್ಟದ ನೆಲ. ಮಧ್ಯದ ಸೀಟು ಕಿತ್ತುಹಾಕಿಸಿ, ಹಲಗೆ ಮಾಡಿಸಿ, ಕುರ್ಚಿ ಸಮೇತ ಅವಳನ್ನು ಒಳಗೆ ತಳ್ಳುವ ಹಾಗೆ ಮಾಡಿಸಿದ್ದೇನೆ. ಗಾಡಿಗೆ ವಯಸ್ಸಾಯಿತು. ಕಂಪನಿಯೇ ಆ ಮಾದರಿಯನ್ನು ಮರೆತಿದೆ. ಆದರೆ ಆ ಬಾಗಿಲು ಇರುವ ಬೇರೆ ಗಾಡಿ ನನ್ನ ಕೈಗೆಟುಕುವಂಥದ್ದು ಯಾವುದೂ ಇಲ್ಲ. ವ್ಯಾನು ನಿಂತರೆ ಅವಳ ಕೆಲಸ ನಿಂತಿತು, ಅವಳ ಕೆಲಸ ನಿಂತರೆ ಆ ನಗು ನಿಂತಿತು, ಇಷ್ಟೇ ನನ್ನ ತಲೆಯಲ್ಲಿ ಹಗಲೂ ರಾತ್ರಿಯೂ ತಿರುಗುತ್ತಿದ್ದುದು.

ನನ್ನ ಬಗ್ಗೆ ಹೇಳುವುದಾದರೆ, ನಾನು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತು ವರ್ಷ ಇದ್ದವನು. ನಮ್ಮ ತಾತ ಕೋಲಾರದ ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಮದರಾಸಿಗೆ ಬಂದವರು, ಆಮೇಲೆ ಯಾರೂ ವಾಪಸ್ಸು ಹೋಗಲಿಲ್ಲ. ಮನೆಯಲ್ಲಿ ನಾವು ಆಡುವುದು ಕೋಲಾರದ ಕನ್ನಡ ಅಂತ ಅಮ್ಮ ಹೇಳುತ್ತಿದ್ದಳು. ಬೆಂಗಳೂರಿನ ನೆಂಟರು ಅದನ್ನು ಕೇಳಿ, ಇದು ತಮಿಳೇ ಅಲ್ಲವಾ ಅನ್ನುತ್ತಾರೆ. ಇರಲಿ. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದವರಿಗೆ ಡ್ಯೂಟಿ ಅನ್ನುತ್ತಿದ್ದೆ. ಸಿಗ್ನಲ್ ಕೆಟ್ಟರೆ ಅದರ ದೋಷ ಹುಡುಕುವುದೇ ನನ್ನ ಡ್ಯೂಟಿ. ಅದಕ್ಕೊಂದು ದಪ್ಪ ರಿಜಿಸ್ಟರ್ ಇರುತ್ತಿತ್ತು. ಯಾವ ದಿನ, ಎಷ್ಟು ಗಂಟೆ, ಮಳೆಯಾ ಬಿಸಿಲಾ, ಅದಕ್ಕೆ ಮೊದಲು ಯಾರು ಅಲ್ಲಿ ಕೈ ಹಾಕಿದ್ದರು, ಎಲ್ಲಾ ಬರೆಯಬೇಕು. ನನಗೆ ಕೆಲಸ ಕಲಿಸಿದವರು ಹೇಳಿದ್ದು ಒಂದೇ ಮಾತು: ಮೊನ್ನೆಗೂ ಇವತ್ತಿಗೂ ಏನು ಬದಲಾಯಿತು ಅಂತ ಕೇಳು. ತಂಗಿಗೂ ನಾನೇ ಅದನ್ನು ಹೇಳಿಕೊಟ್ಟೆ, ಅವಳು ಆ ಒಂದು ಮಾತಿನ ಮೇಲೇ ಬದುಕು ಕಟ್ಟಿಕೊಂಡಳು. ಅಂಥ ನನಗೆ ಮನೆ ಮುಂದೆ ನಿಂತ ಒಂದು ವ್ಯಾನಿನ ರೋಗ ಗೊತ್ತಾಗಲಿಲ್ಲ ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ನಮ್ಮ ಮೆಕ್ಯಾನಿಕ್ಕಿನ ಶೆಡ್ ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ. ಅವನಿಗೂ ನನ್ನದೇ ವಯಸ್ಸು. ಹಳೇ ಕಾಲದ ಕೈ, ಕಿವಿಯಿಂದಲೇ ಎಂಜಿನ್ ನೋಡುತ್ತಿದ್ದವನು. ಐವತ್ತು ದಾಟಿದ ಮೇಲೆ ಸ್ಕ್ಯಾನರ್ ಕಲಿತ. ಅದನ್ನು ವ್ಯಾನಿನ ಹೊಟ್ಟೆಗೆ ಸಿಕ್ಕಿಸಿದರೆ ಎಂಜಿನ್ನಿನ ಕಂಪ್ಯೂಟರು ತನ್ನ ದೂರನ್ನು ನಂಬರಿನಲ್ಲಿ ಹೇಳುತ್ತದೆ. ಪ್ರತಿ ಸಲವೂ ಒಂದೇ ನಂಬರು: ಪಿ ಸೊನ್ನೆ ಒಂದು ಏಳು ಒಂದು. ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಯಾಕೆ ಅಂತ ಮಾತ್ರ ಆ ಮಹಾರಾಯ ಕಂಪ್ಯೂಟರು ಹೇಳುವುದಿಲ್ಲ.

ಮೊದಲ ಸಲ ಒಂದು ರಬ್ಬರ್ ಪೈಪು ಸೀಳಿದೆ ಅಂದ, ಬದಲಾಯಿಸಿದ. ಸರಿಹೋಯಿತು. ಮುಂದಿನ ಸೋಮವಾರ ದೀಪ ಮತ್ತೆ ಹತ್ತಿತು. ಆಮೇಲೆ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು ತೊಳೆದ, ಸರಿಹೋಯಿತು, ಸೋಮವಾರ ಹತ್ತಿತು. ಹೊಗೆ ಕೊಳವೆಯಲ್ಲಿರುವ ಯಾವುದೋ ಸೆನ್ಸಾರನ್ನು ಊರೆಲ್ಲಾ ಹುಡುಕಿ ತಂದು ಹಾಕಿದೆವು. ಗುರುವಾರದವರೆಗೂ ಹೂವಿನ ಹಾಗೆ ಓಡಿತು. ನಾನು ಅವನಿಗೆ ಸ್ವೀಟ್ ಡಬ್ಬಿ ಕೂಡಾ ಕೊಟ್ಟೆ. ಸೋಮವಾರ ಅಡಯಾರ್ ಸೇತುವೆಯ ಮೇಲೆ ನಿಂತಿತು. “ನನ್ನ ಸ್ವೀಟು ವಾಪಸ್ಸು ಕೊಡಯ್ಯಾ,” ಅಂದೆ. ಅವನು ನಗಲಿಲ್ಲ. ಪಾಪ, ಅವನಿಗೂ ಮಾನದ ಪ್ರಶ್ನೆಯಾಗಿತ್ತು.

ಸೋಮವಾರವೇ ಯಾಕೆ? ನನ್ನ ಲೆಕ್ಕಾಚಾರ ಹೀಗಿತ್ತು: ಶುಕ್ರ, ಶನಿ, ಭಾನು ಮೂರು ದಿನ ಗಾಡಿ ಸುಮ್ಮನೆ ನಿಲ್ಲುತ್ತದೆ, ಹಳೇ ಎಂಜಿನ್, ಜಡ್ಡು ಹಿಡಿಯುತ್ತದೆ. ಹಾಗಾಗಿ ಆ ಮೂರು ದಿನ ಅದನ್ನು ಮಗುವಿನ ಹಾಗೆ ನೋಡಿಕೊಂಡೆ. ಶುಕ್ರವಾರ ತೊಳೆದು, ಹೂ ಸಿಕ್ಕಿಸಿ, ಎಂಜಿನ್ ಹಾಕಿ ಹದಿನೈದು ನಿಮಿಷ ಬಿಸಿ ಮಾಡಿ, ಧೂಪ ತೋರಿಸುತ್ತಿದ್ದೆ. ಶನಿವಾರ ಟೈರಿಗೆ ಗಾಳಿ. ಭಾನುವಾರ ಸಂಜೆ ಸುಮ್ಮನೆ ಎಗ್ಮೋರ್ ತನಕ ಹೋಗಿ ಬರುವುದು, ಅಷ್ಟು ಸಣ್ಣ ಓಟಕ್ಕೆ ದೀಪ ಹತ್ತುತ್ತಿರಲಿಲ್ಲ. ಎಲ್ಲವನ್ನೂ ಹಳೇ ಅಭ್ಯಾಸದಂತೆ ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟೆ. ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಗೇಟಿಗೂ ಹಾಲಿಗೂ ಓಡಾಡುತ್ತಿದ್ದೆ. ಕಾಫಿ ಆರಿಹೋಗುತ್ತಿತ್ತು. ಪೇಪರ್ ತೆರೆದರೆ ಒಂದೇ ಸಾಲನ್ನು ನಾಲ್ಕು ಸಲ ಓದುತ್ತಿದ್ದೆ, ಎದ್ದು ಹೋಗಿ ಬಾನೆಟ್ ಎತ್ತಿ ನೋಡುತ್ತಿದ್ದೆ. ನೋಡಿದರೆ ಏನು ಕಾಣುತ್ತದೆ, ಮಣ್ಣು!

ಒಂದು ದಿನ ತಂಗಿ, “ಅಣ್ಣ, ನಿನ್ನ ರಿಜಿಸ್ಟರ್ ಕೊಡು, ನಾನೂ ಒಂದು ಸಲ ನೋಡ್ತೀನಿ,” ಅಂದಳು. ಕೊಟ್ಟೆ. ಲ್ಯಾಪ್‌ಟಾಪಿನಲ್ಲಿ ಏನೋ ಚೌಕ ಚೌಕ ಮಾಡಿಕೊಂಡು ತುಂಬಿಸಿದಳು. “ಶುಕ್ರವಾರ ಎಂಜಿನ್ ಓಡ್ತಾ ಇರುವಾಗ ಬಾನೆಟ್ ತೆಗೆದಿರ್ತೀಯಾ?” ಅಂತ ಕೇಳಿದಳು. “ಹ್ಞೂ ಮತ್ತೆ, ಬಿಸಿ ಹೋಗಬೇಡವಾ,” ಅಂದೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿದಳು. ಏನು ಗೊತ್ತಾಯಿತು ಅಂತ ಕೇಳಿದ್ದಕ್ಕೆ, “ಏನೂ ಇಲ್ಲ. ಹಳೇ ಗಾಡಿ, ಹಾಗೇ ಇರುತ್ತೆ,” ಅಂದಳು. ಆ ವಾರವೇ ಆಫೀಸಿಗೆ ಒಂದು ಅರ್ಜಿ ಬರೆದಳು, ನನಗೆ ಮನೆಯಿಂದಲೇ ಕೆಲಸ ಕೊಡಿ ಅಂತ. ಅದು ನನ್ನ ಕಣ್ಣಿಗೆ ಬಿತ್ತು. ರೇಗಿಹೋಯಿತು. “ನಾಲ್ಕು ಸಲ ಗಾಡಿ ನಿಂತಿದ್ದಕ್ಕೆ ಸೋತು ಕೂತುಬಿಟ್ಟೆಯಾ? ನಾನಿನ್ನೂ ಸತ್ತಿಲ್ಲ,” ಅಂತ ಕೂಗಾಡಿದೆ. ಅವಳು ತಲೆ ತಗ್ಗಿಸಿಕೊಂಡು ಅನ್ನ ಕಲಸುತ್ತಿದ್ದಳು. ಅರ್ಜಿಗೆ ಆಗುವುದಿಲ್ಲ ಅಂತ ಉತ್ತರ ಬಂತು.

ಇಷ್ಟೆಲ್ಲಾ ಆದ ಮೇಲೆ ಬಂದದ್ದು ನಾನು ಮೊದಲು ಹೇಳಿದ ಆ ಸೋಮವಾರ. ಅವಳನ್ನು ಇಳಿಸಿ, ದಾರಿಯುದ್ದಕ್ಕೂ ಒಬ್ಬನೇ ಬೈದುಕೊಳ್ಳುತ್ತಾ ನೆಟ್ಟಗೆ ಮೆಕ್ಯಾನಿಕ್ಕಿನ ಹತ್ತಿರ ಬಂದೆ. “ಇವತ್ತು ಇದು ಸರಿಹೋಗದೆ ನಾನು ಇಲ್ಲಿಂದ ಎದ್ದು ಹೋಗುವುದಿಲ್ಲ,” ಅಂತ ಒಂದು ಟೈರಿನ ಮೇಲೆ ಕೂತೆ. ಎರಡು ನಿಮಿಷಕ್ಕೆ ಎದ್ದೆ. ಕೂರಲಾಗಲಿಲ್ಲ.

ಅವನಿಗೊಂದು ಅಭ್ಯಾಸ. ಯಾವ ರಿಪೇರಿ ಮಾಡಿದರೂ ಕೊನೆಗೆ ಶಾಸ್ತ್ರಕ್ಕೆ ಅಂತ ಗಾಳಿ ಅಳೆಯುವ ಸೆನ್ಸಾರಿಗೆ ಡಬ್ಬಿಯಿಂದ ಸ್ಪ್ರೇ ಹೊಡೆದು, ದೂರಿನ ನಂಬರು ಅಳಿಸಿ, ಗಾಡಿ ಕೊಡುತ್ತಾನೆ. ಎಂಜಿನ್ ಒಳಗೆ ಹೋಗುವ ಗಾಳಿಯ ದಾರಿಯಲ್ಲಿ ಕೂದಲೆಳೆಯಂಥ ತಂತಿ ಇರುವ ಸಣ್ಣ ಯಂತ್ರ ಅದು. ಎಷ್ಟು ಗಾಳಿ ಬಂತು ಅಂತ ಅದು ಹೇಳಿದಷ್ಟಕ್ಕೆ ಕಂಪ್ಯೂಟರು ಪೆಟ್ರೋಲ್ ಬಿಡುತ್ತದೆ. ಅವತ್ತು ಡಬ್ಬಿ ಅಲ್ಲಾಡಿಸಿದ, ಒತ್ತಿದ, ಬುಸ್ ಅಂತ ಬರೀ ಗಾಳಿ ಬಂತು. ಖಾಲಿ. ಸರಿ, ಬಿಚ್ಚಿಯಾದರೂ ನೋಡೋಣ ಅಂತ ಎರಡು ತಿರುಪು ಸಡಿಲಿಸಿ ಸೆನ್ಸಾರನ್ನು ಕೈಗೆ ತೆಗೆದುಕೊಂಡ. ಬೆಳಕಿಗೆ ಹಿಡಿದ. ಮೂಗಿನ ಹತ್ತಿರ ತಂದ. ಇನ್ನೊಂದು ಸಲ ಮೂಸಿದ. ಆಮೇಲೆ ಏರ್ ಫಿಲ್ಟರಿನ ಡಬ್ಬ ತೆಗೆದು ಅದನ್ನೂ ಮೂಸಿದ.

“ಸಾರ್, ಇಲ್ಲಿ ಬನ್ನಿ. ಇದರ ವಾಸನೆ ನೋಡಿ,” ಅಂದ ತಮಿಳಿನಲ್ಲಿ.

ಮೂಸಿದೆ. ಅಮ್ಮನ ಕೂದಲಿನ ವಾಸನೆ.

ಆ ಸಣ್ಣ ತಂತಿಯ ಮೇಲೆ ಕಂದು ಬಣ್ಣದ ಅಂಟು ಹಿಡಿದಿತ್ತು. “ಯಾರು ಸಾರ್ ಗಾಡಿಗೆ ಸಾಂಬ್ರಾಣಿ ಹಾಕುವುದು?” ಅಂತ ಕೇಳಿದ.

“ಅದು ನಮ್ಮ ಮನೆ ವಾಡಿಕೆ. ನೂರು ವರ್ಷದಿಂದ ಇದೆ. ಅದಕ್ಕೂ ಇದಕ್ಕೂ ಏನು ಸಂಬಂಧ? ನಿನಗೆ ಕೆಲಸ ಬರದಿದ್ದರೆ ದೇವರ ಮೇಲೆ ಹಾಕುತ್ತೀಯಾ?” ಅಂತ ಅವನ ಮೇಲೆ ಎಗರಿಬಿದ್ದೆ.

ಅವನು ಶಾಂತವಾಗಿ, “ಎಂಜಿನ್ ಓಡುತ್ತಿರುವಾಗ ಹಾಕುತ್ತೀರಾ, ನಿಲ್ಲಿಸಿ ಹಾಕುತ್ತೀರಾ?” ಅಂತ ಕೇಳಿದ. ನಾನು ಹೋಗಿ ಮತ್ತೆ ಆ ಟೈರಿನ ಮೇಲೆ ಕೂತೆ.

ಈ ಧೂಪದ ಕತೆ ಹೇಳಲೇಬೇಕು. ಶುಕ್ರವಾರ ತಲೆಗೆ ಸ್ನಾನ ಮಾಡಿ ಅಮ್ಮ ಹಿತ್ತಾಳೆಯ ಧೂಪದಾನಿಯಲ್ಲಿ ಕೆಂಡ ಹಾಕಿ, ಅದರ ಮೇಲೆ ಸಾಂಬ್ರಾಣಿ ಪುಡಿ ಉದುರಿಸಿ, ಮೊದಲು ತನ್ನ ಒದ್ದೆ ಕೂದಲಿಗೆ, ಆಮೇಲೆ ನಮ್ಮ ತಲೆಗೆ, ಆಮೇಲೆ ಕೋಣೆ ಕೋಣೆಗೆ, ಕೊನೆಗೆ ಬಾಗಿಲಿಗೆ ಬಂದು ನನ್ನ ಸ್ಕೂಟರಿಗೆ ಹೊಗೆ ತೋರಿಸುತ್ತಿದ್ದಳು. ಹೊಗೆ ಮೂಲೆಮೂಲೆಗೂ ಹೋಗಬೇಕು ಅನ್ನುತ್ತಿದ್ದಳು. ತಂಗಿಗೆ ಮೊದಲ ಕೆಲಸ ಸಿಕ್ಕಿತ್ತು, ಕೋಡಂಬಾಕ್ಕಂನಲ್ಲಿ. ಮೊದಲ ದಿನ ಶುಕ್ರವಾರ ಬಿತ್ತು. ನಾನು ಸ್ಕೂಟರಿನಲ್ಲಿ ಬಿಟ್ಟು ಡ್ಯೂಟಿಗೆ ಹೋಗಬೇಕಿತ್ತು. ಅಮ್ಮ ಧೂಪದಾನಿ ಹಿಡಿದು ಒಳಗಿಂದ ಬರುತ್ತಾ, “ಒಂದು ನಿಮಿಷ ನಿಲ್ಲಿ,” ಅಂದಳು. “ಹೊತ್ತಾಯ್ತು,” ಅಂದು ಹೊರಟುಬಿಟ್ಟೆವು. ಕೋಡಂಬಾಕ್ಕಂ ಸೇತುವೆಯ ಇಳಿಜಾರಿನಲ್ಲಿ ಯಾವುದೋ ಲಾರಿ ಚೆಲ್ಲಿಕೊಂಡು ಹೋದ ಮರಳು. ಸ್ಕೂಟರ್ ಜಾರಿತು. ನನಗೆ ಮೊಣಕೈಗೆ ಮೂರು ಹೊಲಿಗೆ. ಅವಳ ಬೆನ್ನು ರಸ್ತೆ ಮಧ್ಯದ ಕಟ್ಟೆಗೆ ಹೊಡೆಯಿತು.

ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಅಮ್ಮ, “ಒಂದು ನಿಮಿಷ ನಿಲ್ಲಬಾರದಾಗಿತ್ತಾ?” ಅಂದಳು. ಆಮೇಲೆ ಸಾಯುವವರೆಗೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ, ನನಗೆ ದಿನಾ ಕೇಳಿಸುತ್ತಿತ್ತು. ಅಂದಿನಿಂದ ಒಂದು ಶುಕ್ರವಾರವೂ ನಾನು ಧೂಪ ತಪ್ಪಿಸಿದ್ದಿಲ್ಲ. ಜ್ವರ ಇದ್ದಾಗಲೂ ಹಾಕಿದ್ದೇನೆ, ಅಮ್ಮ ಹೋದ ವಾರವೂ ಹಾಕಿದ್ದೇನೆ, ಸೂತಕದಲ್ಲಿ ಹಾಕಬಾರದು ಅಂದವರ ಜೊತೆ ಜಗಳ ಆಡಿಕೊಂಡು. ಮುಂಚೆ ನಿಂತ ಗಾಡಿಯ ಸುತ್ತ ಒಂದು ಸುತ್ತು ತೋರಿಸುತ್ತಿದ್ದೆ. ತಂಗಿ ದಿನಾ ಅಷ್ಟು ದೂರ ಹೋಗಲು ಶುರುಮಾಡಿದ ಮೇಲೆ ನನ್ನ ಭಯ ಜಾಸ್ತಿಯಾಯಿತು. ಹೇಗೂ ಶುಕ್ರವಾರ ಎಂಜಿನ್ ಬಿಸಿ ಮಾಡಬೇಕು, ಹೊಗೆ ಒಳಗೂ ಹೋಗಲಿ ಅಂತ ಬಾನೆಟ್ ಎತ್ತಿ ಗಾಳಿ ಎಳೆಯುವ ಬಾಯಿಗೇ ಧೂಪದಾನಿ ಹಿಡಿಯುತ್ತಿದ್ದೆ. ಎಂಜಿನ್ ಆ ಹೊಗೆಯನ್ನು ಸೊರ್ರನೆ ಎಳೆದುಕೊಳ್ಳುವುದು ಕಂಡರೆ ಏನು ಸಮಾಧಾನ ಅಂತೀರಿ! ಆ ವಾರಕ್ಕೆ ಸಾಕಾಗುವಷ್ಟು ಧೈರ್ಯ ಅಲ್ಲೇ ಸಿಗುತ್ತಿತ್ತು.

ಏನು ಬದಲಾಯಿತು ಅಂತ ಊರನ್ನೆಲ್ಲಾ ಕೇಳಿದವನು ನಾನು. ಶುಕ್ರವಾರ ಧೂಪ ಅಂತ ರಿಜಿಸ್ಟರಿನಲ್ಲಿ ನನ್ನ ಕೈಯಾರೆ ಬರೆದಿದ್ದೆ. ಅದೊಂದು ಸಂಗತಿ ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಹಲ್ಲುಜ್ಜಿದ್ದನ್ನು ಯಾರಾದರೂ ದೋಷಕ್ಕೆ ಕಾರಣ ಅಂತ ಹುಡುಕುತ್ತಾರಾ?

ಮೆಕ್ಯಾನಿಕ್ಕು ತಾನೇ ಹೋಗಿ ಹೊಸ ಸ್ಪ್ರೇ ಡಬ್ಬಿ ತಂದ. ಸೆನ್ಸಾರ್ ತೊಳೆದ, ಹೊಸ ಫಿಲ್ಟರ್ ಹಾಕಿದ, ನಂಬರು ಅಳಿಸಿದ. ಇದನ್ನು ಪ್ರತಿ ಸಲ ತೊಳೆದದ್ದಕ್ಕೇ ಗಾಡಿ ಗುರುವಾರದವರೆಗೆ ಓಡುತ್ತಿತ್ತು, ಉಳಿದದ್ದೆಲ್ಲಾ ಸುಮ್ಮನೆ ಬಿಚ್ಚಿ ಹಾಕಿದೆವು ಅಂತ ತಲೆ ಚಚ್ಚಿಕೊಂಡ. ಆಮೇಲೆ, “ಧೂಪ ಹಾಕಬೇಡಿ ಅನ್ನುವುದಿಲ್ಲ ಸಾರ್. ಎಂಜಿನ್ನಿಗೆ ಹಾಕಬೇಡಿ,” ಅಂದ. ಅವನ ಕೈ ಹಿಡಿದುಕೊಂಡೆ.

ಸಂಜೆ ಪೆರುಂಗುಡಿಗೆ ಹೋದೆ. ವ್ಯಾನು ಬೆಣ್ಣೆಯ ಹಾಗೆ ಓಡಿತು, ಅದೇ ನನಗೆ ಇನ್ನಷ್ಟು ಸಂಕಟ. ಅವಳನ್ನು ಒಳಗೆ ತಳ್ಳಿ, ಪಟ್ಟಿ ಬಿಗಿದು, ಬಾಗಿಲು ಎಳೆದೆ. ಕೀ ತಿರುಗಿಸಲಿಲ್ಲ. ಅವಳ ಕಡೆ ತಿರುಗದೆಯೇ, “ಸಿಕ್ಕಿತು ಕಣೇ,” ಅಂದೆ.

“ಧೂಪನಾ?” ಅಂದಳು.

ತಿರುಗಿ ನೋಡಿದೆ. ಅವಳು ಕಿಟಕಿಯಿಂದ ಆಚೆ ನೋಡುತ್ತಿದ್ದಳು.

“ನಿನಗೆ ಗೊತ್ತಿತ್ತಾ?”

“ಮೂರು ವಾರ ಆಯ್ತು. ನಿನ್ನ ರಿಜಿಸ್ಟರ್ ಹಾಕಿ ನೋಡಿದೆನಲ್ಲ, ಅವತ್ತೇ.”

“ಮೂರು ವಾರ!” ಕೂಗಿದೆ. ಪಾರ್ಕಿಂಗಿನಲ್ಲಿದ್ದವರೆಲ್ಲಾ ತಿರುಗಿ ನೋಡಿದರು, ನೋಡಲಿ. “ಇವತ್ತೂ ಅರ್ಧ ದಿನ ಕಳ್ಕೊಂಡೆ. ಕೆಲಸ ಹೋಗೋ ಸ್ಥಿತಿಗೆ ಬಂದಿದೆ. ಬಾಯಿಬಿಟ್ಟು ಒಂದು ಮಾತು ಹೇಳಕ್ಕೆ ಏನು ರೋಗ ನಿನಗೆ?”

“ಏನಂತ ಹೇಳ್ಲಿ? ಗಾಡಿ ನಿಂತರೆ ಯಾರಾದ್ರೂ ಬಂದು ತಳ್ತಾರೆ. ಧೂಪ ಬಿಡು ಅಂತ ಹೇಳಿ, ನೀನು ಸ್ಟೇರಿಂಗ್ ಮುಟ್ಟಕ್ಕೇ ಹೆದರಿದ್ರೆ? ಆಮೇಲೆ ನಾನು ಯಾರನ್ನ ಕರೀಲಿ?”

ಅವಳು ದುಪಟ್ಟಾದ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತಾ, “ಅದೊಂದೇ ಅಲ್ಲ ಅಣ್ಣ,” ಅಂದಳು. “ಅವತ್ತು ಅಮ್ಮ ನಿಲ್ಲಿ ಅಂದಾಗ ಹೊತ್ತಾಯ್ತು ಅಂದಿದ್ದು ನಾನು. ನೀನಲ್ಲ. ನೀನು ಸ್ಟಾರ್ಟ್ ಮಾಡಿ ಕಾಲೂರಿ ನಿಂತಿದ್ದೆ. ಮೊದಲನೇ ದಿನಾನೇ ಲೇಟಾಗುತ್ತೆ, ಹೊರಡೋ ಅಂತ ನಿನ್ನ ಬೆನ್ನಿಗೆ ಗುದ್ದಿದೆ.”

“ಸುಳ್ಳು ಹೇಳಬೇಡ,” ಅಂದೆ. “ನನಗೆ ಸಮಾಧಾನ ಆಗಲಿ ಅಂತ ಕತೆ ಕಟ್ಟಬೇಡ.”

“ನೀನು ನನ್ನನ್ನ ಕಾಪಾಡಕ್ಕೆ ತಪ್ಪನ್ನ ನಿನ್ನ ಮೇಲೆ ಹಾಕ್ಕೊಂಡಿದೀಯ ಅಂದ್ಕೊಂಡಿದ್ದೆ. ಅಮ್ಮನ ಮುಂದೆ, ಎಲ್ಲರ ಮುಂದೆ. ನಾನೂ ಸುಮ್ಮನಿದ್ದೆ. ನೀನು ನಿಜವಾಗ್ಲೂ ಹಾಗೇ ನಂಬ್ಕೊಂಡಿದೀಯ ಅಂತ ನನಗೆ ಗೊತ್ತಾಗಿದ್ದು ಆ ರಿಜಿಸ್ಟರ್ ನೋಡಿದಾಗ. ಜ್ವರ ಅಂತ ಬರೆದಿದೀಯ, ಅದರ ಪಕ್ಕದಲ್ಲೇ ಧೂಪ ಅಂತ ಬರೆದಿದೀಯ.” ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. “ಅಮ್ಮ ಕೇಳಿದ್ದ ಒಂದು ನಿಮಿಷ ಕೊಡದೇ ಇದ್ದವಳು ನಾನು ಅಣ್ಣ. ನಿನ್ನ ಶುಕ್ರವಾರದ ಹದಿನೈದು ನಿಮಿಷಾನ ಯಾವ ಮುಖ ಇಟ್ಕೊಂಡು ಕಿತ್ಕೊಳ್ಳಲಿ?”

ನಾನು ಅತ್ತೆ. ಅರವತ್ತೆರಡು ವರ್ಷದ ಗಂಡಸು, ಆಫೀಸಿನವರೆಲ್ಲಾ ಮನೆಗೆ ಹೊರಟ ಹೊತ್ತಿನಲ್ಲಿ, ಸ್ಟೇರಿಂಗಿಗೆ ಹಣೆ ಕೊಟ್ಟುಕೊಂಡು ಅತ್ತೆ. ಹಣೆ ತಾಗಿ ಹಾರ್ನ್ ಕೂಗಿತು. ಅವಳು ಅಳುತ್ತಲೇ ನಕ್ಕುಬಿಟ್ಟಳು. “ಹಾರ್ನ್ ಒತ್ತಿದರೆ ಎಂಜಿನ್ ಓಡುತ್ತಾ ಅಣ್ಣ?” ಅಂದಳು.

ಮಂಗಳವಾರ, ಬುಧವಾರ, ಗುರುವಾರ ವ್ಯಾನು ಎಲ್ಲೂ ನಿಲ್ಲಲಿಲ್ಲ. ನನಗೆ ಮಾತ್ರ ನಿಂತಲ್ಲಿ ನಿಲ್ಲಲಾಗಲಿಲ್ಲ. ಆ ಧ್ವನಿ ಯಾರದ್ದು? ಬಾಗಿಲು ನೆನಪಿದೆ, ಅಮ್ಮನ ಸೆರಗಿನ ಅಂಚು ನೆನಪಿದೆ, ಧೂಪದಾನಿಯಿಂದ ಎದ್ದ ಹೊಗೆ ನೆನಪಿದೆ, ಕಿಕ್ ಹೊಡೆದದ್ದು ನೆನಪಿದೆ. “ಹೊತ್ತಾಯ್ತು” ಅನ್ನುವ ಮಾತೂ ಕಿವಿಯಲ್ಲೇ ಇದೆ. ಆದರೆ ಯಾರ ಬಾಯಿಂದ? ಒಂದು ಸಲ ನನ್ನದೇ ಗಂಟಲು ಅನ್ನಿಸುತ್ತದೆ, ಇನ್ನೊಂದು ಸಲ ಬೆನ್ನಿಗೆ ಬಿದ್ದ ಸಣ್ಣ ಗುದ್ದು ನಿಜವಾಗಿಯೂ ನೆನಪಾದ ಹಾಗೆ ಆಗುತ್ತದೆ. ಮೂವತ್ತು ವರ್ಷ ದೋಷ ಹುಡುಕಿದವನಿಗೆ ಇದು ಸಿಗಲಿಲ್ಲ. ಅಮ್ಮ ಆ ಬೆಂಚಿನ ಮೇಲೆ ಕೂತು ಕೇಳಿದ್ದು ನನ್ನನ್ನೇ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಅವಳು ನನ್ನ ಮುಖ ನೋಡಿ ಕೇಳಿರಲಿಲ್ಲ, ಅದು ಮಾತ್ರ ಚೆನ್ನಾಗಿ ನೆನಪಿದೆ.

ಸೋಮವಾರ ಹೋದ ಅರ್ಧ ದಿನ ತುಂಬಿಸಲು ಅವಳು ಶುಕ್ರವಾರವೂ ಆಫೀಸಿಗೆ ಹೋಗಬೇಕಾಯಿತು. ತಿಂಗಳ ಕೊನೆಯ ದಿನ ಬೇರೆ. ಅವತ್ತು ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಹಾಜರಿ ಸರಿಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಶುಕ್ರವಾರ, ಅವಳು, ಗಾಡಿ, ನಾನು. ಸ್ನಾನ ಮಾಡಿ ಅಭ್ಯಾಸದಂತೆ ಕೆಂಡ ಹೊತ್ತಿಸಿದೆ, ಸಾಂಬ್ರಾಣಿ ಉದುರಿಸಿದೆ. ಕೋಣೆಗಳಿಗೆಲ್ಲಾ ಹೊಗೆ ತೋರಿಸಿ ಹಾಲಿಗೆ ಬಂದೆ. ಬಾಗಿಲ ಹತ್ತಿರ ನನ್ನ ಕಾಲು ನಿಂತಿತು. ಆಚೆ ವ್ಯಾನು ಕಾಣುತ್ತಿತ್ತು.

“ಇಲ್ಲಿ ತಾ,” ಅಂದಳು ತಂಗಿ. ಧೂಪದಾನಿ ಕೈಯಿಂದ ಇಸಿದುಕೊಂಡಳು. “ಬಗ್ಗು.” ಬಗ್ಗಿದೆ. ಕೂದಲಿಲ್ಲದ ನನ್ನ ತಲೆಗೆ, ಅಮ್ಮ ಮಾಡುತ್ತಿದ್ದ ಹಾಗೆಯೇ, ಬಲಗೈಯಿಂದ ಹೊಗೆ ಬಳಿದು ಬಳಿದು ಕಳಿಸಿದಳು. ಕಣ್ಣು ಉರಿಯಿತು. ಆಮೇಲೆ ನಾನು ಅವಳ ಕ್ಲಿಪ್ಪು ತೆಗೆದು ಅವಳ ಕೂದಲಿಗೆ ತೋರಿಸಿದೆ. ನರೆ ಬಂದಿದೆ ಅವಳಿಗೂ, ಅಷ್ಟು ಹತ್ತಿರದಿಂದ ನೋಡಿಯೇ ಇರಲಿಲ್ಲ. ಧೂಪದಾನಿಯನ್ನು ದೇವರ ಮುಂದೆ ಇಟ್ಟು, ಬಾಗಿಲು ಹಾಕಿ, ಅವಳನ್ನು ವ್ಯಾನಿಗೆ ಹತ್ತಿಸಿದೆ. ಕೈ ಕೀ ಮೇಲೆ ಇಟ್ಟೆ. ತಿರುಗಿಸಲಾಗಲಿಲ್ಲ. ಗಂಟೆ ಏಳೂವರೆ ದಾಟಿತ್ತು, ಹೊರಡಲೇಬೇಕು.

“ಅಣ್ಣ,” ಅಂದಳು ಹಿಂದಿನಿಂದ, “ಒಂದು ನಿಮಿಷ ನಿಲ್ಲು.”

ಅವಳು ಕೈಗಡಿಯಾರ ನೋಡುತ್ತಿರುವುದು ಕನ್ನಡಿಯಲ್ಲಿ ಕಂಡಿತು. ಎಂಜಿನ್ ಇಲ್ಲದೆ, ಹೊಗೆ ಇಲ್ಲದೆ, ಇಬ್ಬರೂ ಸುಮ್ಮನೆ ಕೂತೆವು. ಗಲ್ಲಿಯಲ್ಲಿ ಹಾಲಿನ ಗಾಡಿಯವನು ದಾರಿ ಬಿಡಿ ಅಂತ ಹಾರ್ನ್ ಒತ್ತಿದ. ನಾನು ತಲೆ ಹೊರಗೆ ಹಾಕಲಿಲ್ಲ. ಆ ಒಂದು ನಿಮಿಷ ಎಷ್ಟು ಉದ್ದ ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಪೂರ್ತಿ ಮುಗಿಯುವವರೆಗೂ ಕೂತಿದ್ದೆವು. ಹೊತ್ತಾಯ್ತು ಅಂತ ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.